ಬೀಗದ ಕೈಗೊಂದು ಹಿಡಿ

ಕೆಲಸದ ಹೊತ್ತಿನಲ್ಲಿ ಭಾವ ಫೋನ್ ಮಾಡಿದರೆಂದರೆ ಒಂದೋ ಅಕ್ಕನಿಗೆ ಏನೋ ಆಗಿರಬೇಕು, ಇಲ್ಲವೇ ಅವರು ಎಲ್ಲೋ ಒಂದು ಕಾಗುಣಿತದ ತಪ್ಪು ಹಿಡಿದಿರಬೇಕು. ಅದಕ್ಕೇ ಚಿಕ್ಕು ಫೋನ್ ಎತ್ತುವಾಗ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು. ಆದರೆ ಎರಡೂ ಆಗಿರಲಿಲ್ಲ. ಭಾವ ಊಟವಾಯಿತೇ ಎಂದು ವಿಚಾರಿಸಿದರು. ಕಾರ್ಖಾನೆಯ ಕೆಟ್ಟ ಫ್ಯಾನು ತಿರುಗಲು ಶುರುಮಾಡಿತೇ ಎಂದು ಕೇಳಿದರು. ಹೀಗೆ ಮಾರುದ್ದದ ಪೀಠಿಕೆ ಹಾಕಿ, ಗಂಟಲು ಸರಿಮಾಡಿಕೊಂಡು, ತಮ್ಮ ಸ್ನೇಹಿತರೊಬ್ಬರಿಗೆ ಕಂಪ್ಯೂಟರಿನಲ್ಲಿ ಸಣ್ಣದೊಂದು ತೊಂದರೆಯಾಗಿದೆ ಎಂದರು. ಸ್ನೇಹಿತರು ಒಂದು ಸ್ಕೆಚ್ ಬರೆದಿದ್ದಾರಂತೆ. ಬಲು ಚೆನ್ನಾಗಿಯೇ ಬರೆದಿದ್ದಾರಂತೆ. ಅದಕ್ಕೆ ದಪ್ಪ ಕೊಟ್ಟು ವಸ್ತುವಾಗಿ ಎಬ್ಬಿಸು ಎಂದರೆ ಮಾತ್ರ ಕಂಪ್ಯೂಟರು ‘ಆಕಾರ ಮುಚ್ಚಿಲ್ಲ’ ಎಂದು ಹಟ ಹಿಡಿದು ಕೂತಿದೆಯಂತೆ.

“ಯಾರು ಭಾವ ಆ ಸ್ನೇಹಿತರು?” ಎಂದಳು ಚಿಕ್ಕು.

“ಇದಾರೆ ಒಬ್ರು. ನಿಂಗೆ ಪರಿಚಯ ಇಲ್ಲ.”

“ಅವರ ಕಂಪ್ಯೂಟರ್ ನಿಮ್ಮ ಊಟದ ಮೇಜಿನ ಮೇಲೇ ಇದೆಯಾ? ಮೌಸ್ ಒತ್ತೋ ಸದ್ದು ಕೇಳಿಸ್ತಿದೆ.”

ಮೌಸಿನ ಸದ್ದು ತಟ್ಟನೆ ನಿಂತಿತು. ಭಾವ, ಭಾನುವಾರ ಬೆಳಿಗ್ಗೆ ಅಕ್ಕ ಈಜುಕೊಳಕ್ಕೆ ಹೋಗಿರುತ್ತಾಳೆ, ಆಗ ಬಂದರೆ ಒಳ್ಳೆಯದು, ಅವಳಿಗೆ ಏನೂ ಹೇಳುವುದು ಬೇಡ ಎಂದು ಪಿಸುದನಿಯಲ್ಲಿ ಹೇಳಿ ಫೋನ್ ಇಟ್ಟರು.

ಚಿಕ್ಕು ಎಂದರೆ ಚಿಕ್ಕವಳೇನಲ್ಲ. ಬೈತಲೆಯ ಎರಡೂ ಬದಿಗೆ ನರೆಗೂದಲು ಇಣುಕಿ ಬಹಳ ಕಾಲವಾಗಿತ್ತು. ಆದರೆ ಮನೆಯಲ್ಲಿ ಕಿರಿಯವಳು ಎಂದ ಮೇಲೆ ಕೊನೆತನಕ ಚಿಕ್ಕುವೇ. ಬಾಟಲಿಯ ಮುಚ್ಚಳಗಳಿಗೆ ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಮಾತ್ರ ಅವಳಿಗೆ ಬೇರೆ ಹೆಸರಿತ್ತು: ಗೆರೆ ಡಾಕ್ಟರು. ಕಂಪ್ಯೂಟರಿನಲ್ಲಿ ಯಾರಾದರೂ ಬರೆದ ಸ್ಕೆಚ್ಚು ಕಾಯಿಲೆ ಬಿದ್ದರೆ ಅದು ನೆಟ್ಟಗೆ ಅವಳ ಮೇಜಿಗೆ ಬರುತ್ತಿತ್ತು. ಗೆರೆಗಳೆಲ್ಲ ತುದಿಗೆ ತುದಿ ಕೂಡಿ ಒಂದು ಸುತ್ತು ಪೂರ್ತಿಯಾದರೆ ಮಾತ್ರ, ಒಳಗೆ ಯಾವುದು ಹೊರಗೆ ಯಾವುದು ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಅದು ಮುಖ ತಿರುಗಿಸಿ ಕೂರುತ್ತದೆ. ಆ ಸಂದು ಎಲ್ಲಿದೆ ಎಂದು ಹೇಳುವ ಸೌಜನ್ಯವೂ ಅದಕ್ಕಿಲ್ಲ. ಚಿಕ್ಕು ಮಾತ್ರ ಸ್ಕ್ರೀನಿನ ಮುಂದೆ ಕೂತು, ಗೆರೆಯನ್ನು ಹಗ್ಗದಷ್ಟು ದೊಡ್ಡದು ಮಾಡಿಕೊಂಡು, ಮೂಲೆ ಮೂಲೆ ಜಾಲಾಡಿ ತಪ್ಪನ್ನು ಕೊರಳಪಟ್ಟಿ ಹಿಡಿದು ತರುತ್ತಿದ್ದಳು. ಆ ವಿಷಯದಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಭಾವನದೂ ಒಂದು ಲೆಕ್ಕದಲ್ಲಿ ಅಚ್ಚಿನ ಕೆಲಸವೇ. ನಿವೃತ್ತಿಯಾಗುವ ತನಕ ಅವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಊರಿನವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಾಕಿ, ತಪ್ಪು ಎನ್ನುವುದು ಬೇರೆಯವರು ಮಾಡುವ ಕೆಲಸ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತ್ತು. ನಿವೃತ್ತಿಯ ಮೇಲೂ ಕೈ ಸುಮ್ಮನಿರಲಿಲ್ಲ. ಔಷಧಿಯ ಡಬ್ಬಿ, ಬಟ್ಟೆ ಅಂಗಡಿಯ ಚೀಲ, ಲಿಫ್ಟಿನ ಒಳಗೆ ಅಂಟಿಸಿದ ಎಚ್ಚರಿಕೆ, ಯಾವುದನ್ನೂ ಅವರು ತಿದ್ದದೆ ಬಿಡುತ್ತಿರಲಿಲ್ಲ. ಅಂಥವರು ಈಗ ತಾವೇ ಬರೆದದ್ದರಲ್ಲಿ ತಪ್ಪು ಹುಡುಕಿಕೊಡು ಎಂದು ನಾದಿನಿಯ ಹತ್ತಿರ ಕೇಳಿದ್ದಾರೆಂದರೆ, ಚಿಕ್ಕುವಿಗೆ ಭಾನುವಾರ ಬರುವುದು ತಡವಾಯಿತು ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಭಾನುವಾರ ಅವಳು ಹೋದಾಗ ಭಾವ ಬಾಗಿಲು ತೆರೆದುಕೊಂಡೇ ನಿಂತಿದ್ದರು. ಊಟದ ಮೇಜಿನ ಅರ್ಧ ಭಾಗ ಕಂಪ್ಯೂಟರಿನ ಪಾಲಾಗಿತ್ತು. ಉಳಿದರ್ಧದಲ್ಲಿ ಉಪ್ಪಿನ ಡಬ್ಬಿ, ಒಗೆದು ಮಡಚಿಟ್ಟ ಟವೆಲ್ಲುಗಳು, ಅಕ್ಕನ ಮೊಳದುದ್ದದ ಕೈಚೀಲ. ಭಾವ ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಬಿಚ್ಚಿ ತೋರಿಸಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಕೈಯ ಅಚ್ಚು ಇತ್ತು. ಮಧ್ಯಾಹ್ನ ಅಕ್ಕ ಸೋಫಾದ ಮೇಲೆ ಮಲಗಿದ್ದಾಗ, ಅವಳ ಬಲಗೈಯ ಕೆಳಗೆ ಮೆಲ್ಲಗೆ ಹಾಳೆ ತೂರಿಸಿ, ಉಸಿರು ಬಿಗಿಹಿಡಿದು ಸುತ್ತ ಗೆರೆ ಎಳೆದದ್ದಂತೆ.

ಸಂಗತಿ ಇಷ್ಟು. ಅಕ್ಕ ಮಕ್ಕಳಿಗೆ ಈಜು ಕಲಿಸುತ್ತಾಳೆ. ನೀರಿನಲ್ಲಿ ಈಗಲೂ ಮೀನೇ. ಆದರೆ ಕಳೆದ ಚಳಿಗಾಲದಿಂದ ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು, ಎರಡು ಬೆರಳಲ್ಲಿ ಹಿಡಿದು ತಿರುಗಿಸುವ ಕೆಲಸಕ್ಕೆ ಕೈ ಕೈಕೊಟ್ಟಿತ್ತು. ಡಬ್ಬಿಯ ಮುಚ್ಚಳವನ್ನು ಬೇರೆ ಯಾರಾದರೂ ತೆಗೆದುಕೊಡಬಹುದು, ಆದರೆ ಬೀಗ? ಮನೆಯ ಬಾಗಿಲಿನ ಬೀಗ ಹಳೆಯದು, ಬಿಗಿ. ಬೀಗದ ಕೈಯ ತಲೆಯೋ ಕಾಸಿನಗಲ. ಭಾವ ಮನೆಯಲ್ಲಿದ್ದರೆ ಅಕ್ಕ ಗಂಟೆ ಒತ್ತಿ ಒಳಗೆ ಬರುತ್ತಾಳೆ. ಅವರು ಹೊರಗೆ ಹೋಗಿದ್ದರೆ, ಒದ್ದೆ ಕೂದಲು ಬೆನ್ನ ಮೇಲೆ ಇಳಿಬಿಟ್ಟು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಒಂದು ದಿನ ಭಾವ ಗ್ರಂಥಾಲಯದಿಂದ ತಡವಾಗಿ ಬಂದಾಗ, ಮೇಲಿನ ಮನೆಯ ಹೆಂಗಸು ಅಕ್ಕನಿಗೊಂದು ಕುರ್ಚಿ ತಂದು ಹಾಕಿದ್ದಳಂತೆ. ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ ಹೆಂಡತಿಯನ್ನು ನೋಡಿದ್ದು ಭಾವನ ಮನಸ್ಸಿಗೆ ನಾಟಿತ್ತು. ಅವಳು ಒಂದು ಮಾತೂ ಆಡಿರಲಿಲ್ಲ, ಅದು ಇನ್ನೂ ಹೆಚ್ಚು ನಾಟಿತ್ತು. ಬೀಗ ಬದಲಿಸೋಣ ಎಂದರೆ ಮನೆಯ ಮಾಲೀಕರು ಆ ಬಾಗಿಲನ್ನು ಮುಟ್ಟಗೊಡುವುದಿಲ್ಲ. ಹಾಗಾಗಿ ಬೀಗದ ಕೈಯ ತಲೆಗೆ ತೊಡಿಸುವಂಥ ದೊಡ್ಡದೊಂದು ಹಿಡಿ ಮಾಡಿಬಿಡುವುದು ಎಂದು ತೀರ್ಮಾನಿಸಿ, ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಇಳಿಸಿಕೊಂಡು, ಯಾರಿಗೂ ಹೇಳದೆ ಕಲಿಯಲು ಕೂತಿದ್ದರು.

ಇದನ್ನೆಲ್ಲ ಹೇಳುವಾಗ ಭಾವ ಚಿಕ್ಕುವಿನ ಮುಖ ನೋಡಲಿಲ್ಲ, ಕನ್ನಡಕ ಒರೆಸುತ್ತಿದ್ದರು. ಚಿಕ್ಕು ನಾಲ್ಕು ದಿನದಿಂದ ಕೂಡಿಟ್ಟುಕೊಂಡು ಬಂದಿದ್ದ ತಮಾಷೆಗಳನ್ನೆಲ್ಲ ಅಲ್ಲೇ ನುಂಗಿಕೊಂಡಳು. ಆದರೆ ಹೆಚ್ಚು ಹೊತ್ತು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಭಾವ ಸ್ಕೆಚ್ಚು ತೆರೆದರು.

ಸ್ಕ್ರೀನ್ ತುಂಬ ಕೆಂಪು. ಹಿಡಿಯ ಆಕಾರ ಎಲ್ಲೋ ಒಳಗೆ ಸಿಕ್ಕಿಬಿದ್ದಿತ್ತು. ಅದರ ಸುತ್ತ ಬಾಣಗಳು, ಅಂಕಿಗಳು, ಅಂಕಿಗಳ ಮೇಲೆ ಅಂಕಿಗಳು. ಉದ್ದ ಬರೆದಿದ್ದರು. ಉದ್ದದ ಅರ್ಧ ಬರೆದಿದ್ದರು. ಉಳಿದ ಅರ್ಧವನ್ನೂ ಬರೆದಿದ್ದರು. ಯಾಕೆ ಭಾವ ಇಷ್ಟೊಂದು ಅಳತೆ ಎಂದು ಕೇಳಿದರೆ, ಓದುವವರಿಗೆ ಅನುಮಾನ ಉಳಿಯಬಾರದು ಎಂದರು. ಕಂಪ್ಯೂಟರಿಗೆ ಒಂದು ಮಾತು ಒಂದೇ ಸಲ ಹೇಳಬೇಕು, ಎರಡನೆಯ ಸಲ ಹೇಳಿದರೆ ಅದಕ್ಕೆ ಯಾವುದನ್ನು ನಂಬಬೇಕೋ ತಿಳಿಯದೆ ಕೆಂಪಗಾಗುತ್ತದೆ ಎಂದು ಚಿಕ್ಕು ವಿವರಿಸಿದಳು. ನಿಮ್ಮಕ್ಕನೂ ಹಾಗೇ ಎಂದು ಭಾವ ಗೊಣಗಿದರು.

ಬೇಡದ ಅಳತೆಗಳನ್ನು ಒಂದೊಂದಾಗಿ ಅಳಿಸಿದ ಮೇಲೆ ಕೆಂಪು ಇಳಿಯಿತು. ಆದರೂ ದಪ್ಪ ಕೊಡು ಎಂದರೆ ಮತ್ತೆ ಅದೇ ಮಾತು: ಆಕಾರ ಮುಚ್ಚಿಲ್ಲ. ಈ ವಾಕ್ಯದ ಮೇಲೇ ಭಾವನಿಗೆ ಕೋಪ. ಯಾವ ಆಕಾರ, ಎಲ್ಲಿ ಮುಚ್ಚಿಲ್ಲ, ಮುಚ್ಚಬೇಕಾದವರು ಯಾರು, ಇದೊಂದನ್ನೂ ಹೇಳದ ವಾಕ್ಯವನ್ನು ಅಚ್ಚಿಗೆ ಬಿಟ್ಟವನು ಯಾವನು ಎಂದು ಅವರ ವಾದ. ಚಿಕ್ಕು ಗೆರೆಯ ಒಂದು ತುದಿಯನ್ನು ದೊಡ್ಡದು ಮಾಡುತ್ತ ಹೋದಳು. ಹೊರಗಿನಿಂದ ನೋಡಿದರೆ ಕೂಡಿಕೊಂಡೇ ಇದ್ದ ಎರಡು ಗೆರೆಗಳು, ಹತ್ತಿರ ಹೋದಂತೆ ಮಾತು ಬಿಟ್ಟ ನೆಂಟರ ಹಾಗೆ ದೂರ ದೂರ ನಿಂತಿದ್ದವು.

“ನೋಡಿ ಭಾವ, ಸಂದು.”

“ಅದು ನೀನು ದೊಡ್ಡದು ಮಾಡಿದ್ದಕ್ಕೆ ಕಾಣ್ತಿದೆ. ಮೊದ್ಲು ಇರ್ಲಿಲ್ಲ.”

ಎರಡು ತುದಿಗಳನ್ನು ಕೂಡಿಸಿ ಅವಳು ಮುಂದೆ ಹೋದಳು. ಬೆರಳು ಕೂರುವ ಕಡೆ ಗೆರೆ ಅಂಕುಡೊಂಕಾಗಿ, ಒಂದು ಕಡೆ ತನ್ನ ಮೇಲೆ ತಾನೇ ಹತ್ತಿ ಸಣ್ಣ ಕುಣಿಕೆ ಹಾಕಿಕೊಂಡಿತ್ತು. ಅದನ್ನು ಬಿಡಿಸಿದಳು. ಆಮೇಲೆ ಒಂದು ನೇರ ಗೆರೆಯನ್ನು ಅಳಿಸಿ ಹೊಸದಾಗಿ ಎಳೆಯೋಣ ಎಂದು ಅಳಿಸಿದರೆ, ಗೆರೆ ಹೋಗಲೇ ಇಲ್ಲ. ಇನ್ನೊಮ್ಮೆ ಅಳಿಸಿದಳು, ಆಗಲೂ ಇತ್ತು. ಚಿಕ್ಕು ಕಣ್ಣುಜ್ಜಿಕೊಂಡು ನೋಡಿದಾಗ ವಿಷಯ ಹೊರಬಿತ್ತು. ಭಾವ ಅದೇ ಜಾಗದಲ್ಲಿ ಗೆರೆಯ ಮೇಲೆ ಗೆರೆ, ಅದರ ಮೇಲೊಂದು ಗೆರೆ ಎಳೆದಿದ್ದರು. ಬೀಗ ತಿರುಗಿಸುವಾಗ ಒತ್ತಡವೆಲ್ಲ ಬೀಳುವುದು ಅಲ್ಲೇ ಅಲ್ಲವೇ, ಗಟ್ಟಿಯಾಗಿರಲಿ ಎಂದು.

ಚಿಕ್ಕು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಭಾವ ಮುಖ ಹುಳ್ಳಗೆ ಮಾಡಿಕೊಂಡು, ಪೆನ್ಸಿಲಿನಲ್ಲಾದರೆ ಹಾಗೆ ಮಾಡಿದರೆ ಗೆರೆ ದಪ್ಪವಾಗುವುದಿಲ್ಲವೇ ಎಂದು ಕೇಳಿ, ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದರು.

ಟೀ ಬರುವಷ್ಟರಲ್ಲಿ ಚಿಕ್ಕು ಸುತ್ತನ್ನೆಲ್ಲ ಒಮ್ಮೆ ಬಳಸಿ ಬಂದು, ಎಲ್ಲ ತುದಿಗಳೂ ಕೂಡಿವೆ ಎಂದು ಖಾತ್ರಿ ಮಾಡಿಕೊಂಡಿದ್ದಳು. ಆದರೂ ಕಂಪ್ಯೂಟರು ಒಪ್ಪಲಿಲ್ಲ. ಆಕಾರ ಮುಚ್ಚಿಲ್ಲ. ಗೆರೆ ಡಾಕ್ಟರಿಗೆ ಈಗ ನಗು ಬರಲಿಲ್ಲ. ಇನ್ನೊಂದು ಸುತ್ತು ಹೋದಳು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಬೀಗದ ಕೈಯ ತಲೆ ಕೂರುವ ಸೀಳಿನ ಒಳಗೂ ಹೊಕ್ಕು ಬಂದಳು. ಭಾವ ಟೀ ಲೋಟ ಹಿಡಿದು ಹಿಂದೆ ನಿಂತು, ಅವಸರವೇನಿಲ್ಲ ಎಂದು ಎರಡೆರಡು ಸಲ ಹೇಳಿದರು. ಅವರ ದನಿಯಲ್ಲಿ ಅನುಕಂಪಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಕೊನೆಗೆ ಟೀ ತಣ್ಣಗಾಗುವ ಹೊತ್ತಿಗೆ, ಹಿಡಿಯ ಬಲಗಡೆ ಕೆಳಮೂಲೆಯಾಚೆ, ಆಕಾರಕ್ಕೆ ಸಂಬಂಧವೇ ಇಲ್ಲದ ಕಡೆ, ಧೂಳಿನ ಕಣದಂಥದೇನೋ ಅವಳ ಕಣ್ಣಿಗೆ ಬಿತ್ತು. ದೊಡ್ಡದು ಮಾಡಿದಳು. ಅದೊಂದು ಗೆರೆ, ಇರುವೆಯ ಕಾಲಿನಷ್ಟು ಉದ್ದದ್ದು.

“ಇದೇನು ಭಾವ ಇಲ್ಲಿ?”

ಭಾವ ಬಗ್ಗಿ ನೋಡಿದರು. ಆಮೇಲೆ, ಇದನ್ನೂ ಕೇಳಬೇಕೇ ಎನ್ನುವ ಧಾಟಿಯಲ್ಲಿ ಹೇಳಿದರು: “ಪೂರ್ಣವಿರಾಮ.”

“ಏನು?”

“ಬರೆದು ಮುಗೀತಲ್ಲ. ಅದಕ್ಕೆ ಹಾಕ್ದೆ. ಕೈ ಅಭ್ಯಾಸ.”

ಎಲ್ಲೂ ಕೂಡದ ಒಂಟಿ ಗೆರೆಯೊಂದು ಆಚೆ ಬಿದ್ದಿದ್ದರೆ ಕಂಪ್ಯೂಟರು ಅದನ್ನೂ ಆಕಾರದ ಭಾಗವೆಂದೇ ತಿಳಿದು, ಇದು ಮುಚ್ಚಿಲ್ಲವಲ್ಲ ಎಂದು ಕಾಯುತ್ತಿರುತ್ತದೆ. ಚಿಕ್ಕು ಪೂರ್ಣವಿರಾಮವನ್ನು ಅಳಿಸಿದಳು. ಹಿಡಿ ಸ್ಕ್ರೀನಿನ ಮೇಲೆ ತುಂಬಿಕೊಂಡು ಎದ್ದು ನಿಂತಿತು. ಭಾವ ಅದನ್ನು ಮೌಸಿನಿಂದ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ, ಯಾರೋ ಕೈಗೆ ಮಗು ಕೊಟ್ಟ ಹಾಗೆ ನೋಡಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ನುಣುಪಾದ ಮುಚ್ಚಳಗಳನ್ನೇ ನೋಡಿ ಪಳಗಿದ ಚಿಕ್ಕುವಿನ ಕಣ್ಣಿಗೆ ಆ ಹಿಡಿ ಹಿಡಿಸಲಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಒಟ್ಟಿನಲ್ಲಿ ಅರ್ಧ ತಿಂದು ಬಿಟ್ಟ ಬಿಸ್ಕತ್ತಿನಂತೆ ಕಂಡಿತು. ಮೂಲೆಯಲ್ಲಿದ್ದ ಒಂದು ದೊಡ್ಡ ತಗ್ಗನ್ನು ತೋರಿಸಿ ಇದು ಯಾಕೆ ಎಂದು ಕೇಳಿದಳು. ಅದು ಹೆಬ್ಬೆರಳಿನ ಬುಡ ಊದಿಕೊಂಡ ಜಾಗ, ಅಲ್ಲಿ ಒತ್ತಬಾರದು ಎಂದು ಬಿಟ್ಟದ್ದು ಎಂದರು ಭಾವ. ಇಷ್ಟು ದೊಡ್ಡ ತಗ್ಗು ಬೇಕಿಲ್ಲ, ಎರಡೂ ಕಡೆ ಒಂದೇ ಸಮ ಇದ್ದರೆ ಕೈ ತಾನಾಗಿಯೇ ಹೊಂದಿಕೊಳ್ಳುತ್ತದೆ ಎಂದು ಚಿಕ್ಕು ತೀರ್ಪು ಕೊಟ್ಟಳು. ಭಾವನಿಗೆ ಮನಸ್ಸಿರಲಿಲ್ಲ. ಆದರೆ ಪೂರ್ಣವಿರಾಮದ ಪೆಟ್ಟು ಇನ್ನೂ ಹಸಿಯಾಗಿತ್ತು. ಡಾಕ್ಟರು ಹೇಳಿದ ಮೇಲೆ ನಮ್ಮದೇನಿದೆ ಎಂದು ಸುಮ್ಮನಾದರು. ಚಿಕ್ಕು ಅರ್ಧ ಹಿಡಿಯನ್ನು ನುಣ್ಣಗೆ ತಿದ್ದಿ, ಅದರ ಪ್ರತಿಬಿಂಬವನ್ನೇ ಇನ್ನೊಂದು ಕಡೆಗೂ ಅಂಟಿಸಿದಳು. ಚಿಟ್ಟೆಯ ರೆಕ್ಕೆಯಂತೆ ಕಂಡಿತು.

ಮರುದಿನ ಕಾರ್ಖಾನೆಯ ತ್ರೀಡಿ ಪ್ರಿಂಟರಿನಲ್ಲಿ ಉಳಿದಿದ್ದ ನೀಲಿ ಪ್ಲಾಸ್ಟಿಕ್ಕಿನಲ್ಲಿ ಅದು ತಯಾರಾಯಿತು. ಸಂಜೆ ಚಿಕ್ಕು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು. ಭಾವ ಒಂದು ಬೀಗದ ಕೈಯನ್ನು ಅದರ ಸೀಳಿಗೆ ತೂರಿಸಿ, ಅಕ್ಕನನ್ನು ಕರೆದು ಕೈಗಿಟ್ಟರು.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಗಂಡನನ್ನು ನೋಡಿದಳು, ತಂಗಿಯನ್ನು ನೋಡಿದಳು. ಮೂವರೂ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಮೆಟ್ಟಿಲ ಹತ್ತಿರ ನಿಂತರು. ಅಕ್ಕ ಬೀಗದ ಕೈ ತೂರಿಸಿ ತಿರುಗಿಸಿದಳು. ಅವಳ ಮುಖ ಕಿವುಚಿಕೊಂಡಿತು. ಇನ್ನೊಮ್ಮೆ ಪ್ರಯತ್ನಿಸಿದಳು. ನುಣುಪಾದ ಅಂಚು ಸರಿಯಾಗಿ ಹೆಬ್ಬೆರಳಿನ ಊತದ ಮೇಲೆ ಕೂತು ಒತ್ತುತ್ತಿತ್ತು. ಚೆನ್ನಾಗಿದೆ ಎಂದಳು. ಅವಳು ಚೆನ್ನಾಗಿದೆ ಎಂದ ರೀತಿಯಲ್ಲೇ ಇಬ್ಬರಿಗೂ ಗೊತ್ತಾಯಿತು.

ಭಾವ ಚಿಕ್ಕುವಿನ ಕಡೆ ತಿರುಗಲಿಲ್ಲ. ತಗ್ಗು ಬಿಟ್ಟಿದ್ದೆನಲ್ಲ ಎಂದೂ ಹೇಳಲಿಲ್ಲ. ಅವರು ಹಾಗೆ ಸುಮ್ಮನಿದ್ದದ್ದು, ಬಾಯಿಬಿಟ್ಟು ಆಡಿಕೊಂಡಿದ್ದರೆ ಆಗುವುದಕ್ಕಿಂತ ಹೆಚ್ಚು ಚುಚ್ಚಿತು. ಅವಳೇ ಬಾಯಿಬಿಟ್ಟಳು: ಭಾವ ಸರಿಯಾಗಿಯೇ ಬರೆದಿದ್ದರು, ಅಂದವಾಗಿ ಕಾಣಲಿ ಎಂದು ಕೆಡಿಸಿದ್ದು ತಾನು.

ಅಕ್ಕ ಮೆಟ್ಟಿಲ ಮೇಲೆ ಕೂತು, ಆ ನೀಲಿ ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ನಗಲು ಶುರುಮಾಡಿದಳು. ಈಜುಕೊಳದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಾದ ಗಂಟಲಿನ ಆ ನಗು ಮೆಟ್ಟಿಲುಗಳ ಉದ್ದಕ್ಕೂ ತುಂಬಿತು.

“ಅವತ್ತು ಮಧ್ಯಾಹ್ನ ನನ್ ಕೈ ಕೆಳಗೆ ಪೇಪರ್ ತೂರಿಸಿದ್ದು ಇದಕ್ಕಾ? ನಾನೆಲ್ಲೋ ಕೈಗವಸು ಹೊಲಿಸ್ತಾರೆ ಅಂತ ಅಂದ್ಕೊಂಡಿದ್ದೆ.”

“ನಿದ್ದೆ ಮಾಡಿರ್ಲಿಲ್ವಾ?” ಎಂದರು ಭಾವ.

“ಪೆನ್ಸಿಲ್ ಬೆರಳ ಸಂದಿಗೆ ಬಂದಾಗ ಕಚಗುಳಿ ಆಯ್ತು. ಪಾಪ, ಉಸಿರು ಕಟ್ಕೊಂಡು ಬರೀತಿದೀರಿ, ನಕ್ಕರೆ ಗೆರೆ ತಪ್ಪತ್ತೆ ಅಂತ ಸುಮ್ನಿದ್ದೆ.”

ಆಮೇಲೆ ಅವಳು ಇಬ್ಬರೂ ಕೇಳದೇ ಬಿಟ್ಟಿದ್ದ ಸಂಗತಿಯನ್ನು ಹೇಳಿದಳು. ಅವಳು ಹೆಬ್ಬೆರಳಿನಿಂದ ತಿರುಗಿಸುವುದನ್ನೇ ಬಿಟ್ಟು ತಿಂಗಳುಗಳಾಗಿದ್ದವು. ಬೀಗದ ಕೈಯನ್ನು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಸಿಕ್ಕಿಸಿ, ಮುಷ್ಟಿ ಕಟ್ಟಿ, ಮಣಿಕಟ್ಟಿನಿಂದ ತಿರುಗಿಸುತ್ತಾಳೆ. ಮಣಿಕಟ್ಟಿಗೇನು, ಈಜಿ ಈಜಿ ಕಬ್ಬಿಣವಾಗಿದೆ. ಬೀಗದ ಕೈಯ ತಲೆ ಚಿಕ್ಕದಾದ್ದರಿಂದ ಮುಷ್ಟಿಯೊಳಗೆ ಜಾರಿ ಬೀಗ ತೆರೆಯುವುದಿಲ್ಲ, ಅಷ್ಟೇ ತೊಂದರೆ. ಹೆಬ್ಬೆರಳು ಆ ಕೆಲಸಕ್ಕೆ ಬರುವುದೇ ಇಲ್ಲ, ಬದಿಗೆ ನಿಂತು ನೋಡುತ್ತಿರುತ್ತದೆ. ಇಬ್ಬರು ಸೇರಿ ಆ ಹೆಬ್ಬೆರಳಿನ ಮೇಲೆ ಒಂದು ಭಾನುವಾರ ಜಗಳವಾಡಿದ್ದರು.

“ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?” ಎಂದಳು ಅಕ್ಕ. ತಮಾಷೆಯ ದನಿಯೇ, ಆದರೆ ಪೂರ್ತಿ ತಮಾಷೆಯೂ ಅಲ್ಲ.

ಭಾವ ತಡವರಿಸಿದರು. ಕೇಳಿದರೆ ನೀನು ಏನೂ ಬೇಡ ಅಂತಿದ್ದೆ ಎಂದರು. ಅದು ನಿಜವಾಗಿತ್ತು. ಅಕ್ಕ ಎದ್ದು, ಭಾವನಿಂದ ಬಾಗಿಲು ತೆರೆಸಿ ಒಳಗೆ ಹೋಗಿ, ಹಿಟ್ಟು ಕಲಸಿದಳು. ಭಾವನೂ ಚಿಕ್ಕುವೂ ಅಡುಗೆಮನೆಯ ಬಾಗಿಲಲ್ಲಿ ಶಾಲೆಯಲ್ಲಿ ತಪ್ಪು ಮಾಡಿದವರಂತೆ ನಿಂತರು. ಅವಳು ಹಿಟ್ಟಿನ ಉಂಡೆಯನ್ನು ಉದ್ದಕ್ಕೆ ಹೊಸೆದು, ಬೀಗದ ಕೈಯನ್ನು ಅದರ ನಡುವಿಗೆ ಚುಚ್ಚಿ, ಮುಷ್ಟಿಯಲ್ಲಿ ಹಿಡಿದು ಒತ್ತಿದಳು. ಕೈ ಬಿಚ್ಚಿದಾಗ, ಹಿಟ್ಟಿನ ಮೇಲೆ ನಾಲ್ಕು ಬೆರಳುಗಳ ತಗ್ಗು ಸ್ಪಷ್ಟವಾಗಿ ಮೂಡಿತ್ತು. ಹೆಬ್ಬೆರಳಿನ ಗುರುತೇ ಇರಲಿಲ್ಲ.

“ತಗೊಳ್ಳಿ. ಇದನ್ನ ಬರೀರಿ.”

ಭಾವ ಅದರ ಫೋಟೋ ತೆಗೆದರು. ಚಿಕ್ಕು ಕಂಪ್ಯೂಟರಿನ ಮುಂದೆ ಕೂತಳು. ಹಿಂದೆ ಅಕ್ಕ, ಪಕ್ಕದಲ್ಲಿ ಭಾವ. ಇಬ್ಬರೂ ಅಷ್ಟು ಹತ್ತಿರ ನಿಂತದ್ದಕ್ಕೋ, ಕಳೆದ ಸಲದ ತಪ್ಪನ್ನು ಬೇಗ ಮುಚ್ಚಿಹಾಕುವ ಆತುರಕ್ಕೋ, ಅವಳ ಕೈ ಎಂದಿಗಿಂತ ಚುರುಕಾಗಿ ಓಡಿತು. ಅಡ್ಡ ಹಿಡಿ ಎಳೆದಳು, ಬೆರಳಿನ ತಗ್ಗುಗಳನ್ನು ಕೊರೆದಳು, ನಡುವೆ ಬೀಗದ ಕೈಯ ಸೀಳು ಬಿಟ್ಟಳು, ಹೆಚ್ಚಿದ್ದನ್ನೆಲ್ಲ ಸರಸರನೆ ಕತ್ತರಿಸಿದಳು. ಈಗ ನೋಡಿ ಎಂದು ದಪ್ಪ ಕೊಟ್ಟಳು.

ಆಕಾರ ಮುಚ್ಚಿಲ್ಲ.

ಅಕ್ಕ ಅರ್ಥವಾಗದೆ ಏನಾಯ್ತು ಎಂದು ಕೇಳಿದಳು. ಭಾವ ಬಹಳ ನಿಧಾನವಾಗಿ, ಹಬೆ ಬಿಟ್ಟು ಕನ್ನಡಕ ಒರೆಸಿಕೊಂಡರು. ಮೇಜಿನ ಮೇಲಿಂದ ಒಂದು ರಟ್ಟಿನ ತುಂಡು ಎತ್ತಿಕೊಂಡರು. ಕುರ್ಚಿ ಎಳೆದು ಚಿಕ್ಕುವನ್ನು ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿ, ರಟ್ಟನ್ನು ಸ್ಕ್ರೀನಿನ ಮೇಲ್ತುದಿಗೆ ಹಿಡಿದು, ಸಾಲು ಸಾಲಾಗಿ ಕೆಳಗೆ ಇಳಿಸುತ್ತ ಬಂದರು. ಮುದ್ರಣಾಲಯದಲ್ಲಿ ಅವರು ಕರಡು ನೋಡುತ್ತಿದ್ದದ್ದು ಹೀಗೆಯೇ ಇರಬೇಕು. ಚಿಕ್ಕು ಆ ರಟ್ಟಿನ ಅಂಚನ್ನೇ ನೋಡುತ್ತ, ತಪ್ಪು ತನಗೇ ಮೊದಲು ಸಿಕ್ಕಲಿ ಎಂದು ಒಳಗೊಳಗೇ ಬೇಡಿಕೊಂಡಳು. ಸಿಕ್ಕಲಿಲ್ಲ. ಸೀಳಿನ ಹತ್ತಿರ ರಟ್ಟು ನಿಂತಿತು.

“ಇಲ್ಲೊಂದು ಬಾಲ ಉಳ್ಕೊಂಡಿದೆ, ಡಾಕ್ಟ್ರೇ.”

ನಿಜಕ್ಕೂ ಬಾಲವೇ. ಹೆಚ್ಚಿನ ಗೆರೆ ಕತ್ತರಿಸುವಾಗ, ಸೀಳಿನ ಮೂಲೆಯಿಂದ ಆಚೆಗೆ ಉಗುರಿನ ಚೂರಿನಷ್ಟು ಉಳಿದುಬಿಟ್ಟಿತ್ತು. ಚಿಕ್ಕು ಅದನ್ನು ಅಳಿಸಿದಳು. ಹಿಡಿ ಎದ್ದು ನಿಂತಿತು. ಭಾವ ರಟ್ಟಿನ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅದಾದ ಮೇಲೆ ರಾತ್ರಿ ಊಟ ಮುಗಿಯುವ ತನಕ ಅವರು ಆ ವಿಷಯ ಎತ್ತಲೇ ಇಲ್ಲ. ಆದರೆ ಪಲ್ಯ ಬಡಿಸುವಾಗ, ಸಾರು ಹಾಕಿಕೊಳ್ಳುವಾಗ, ಕೈತೊಳೆಯುವಾಗ, ಒಬ್ಬರೇ ಮುಗುಳ್ನಗುತ್ತಿದ್ದರು. ಇವರಿಗೆ ಇವತ್ತು ಏನಾಗಿದೆ ಎಂದು ಅಕ್ಕ ಕೇಳಿದ್ದಕ್ಕೆ ಚಿಕ್ಕು, ಏನೂ ಆಗಿಲ್ಲ, ಸ್ವಲ್ಪ ದಿನ ಹೀಗೇ ಇರುತ್ತದೆ ಎಂದಳು.

ಎರಡನೆಯ ಹಿಡಿ ಹಳದಿ ಬಣ್ಣದ್ದಾಯಿತು. ಅದನ್ನು ಕೊಟ್ಟ ಸಂಜೆ ಅಕ್ಕ ಹೊರಗೆ ಒಬ್ಬಳೇ ನಿಂತು, ಗಂಡನನ್ನೂ ತಂಗಿಯನ್ನೂ ಒಳಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿದಳು. ಒಳಗಿದ್ದವರಿಬ್ಬರೂ ಹಜಾರದಲ್ಲಿ ನಿಂತು ಕಾದರು. ಭಾವ ಸುಮ್ಮನೆ ನಿಲ್ಲಲಾರದೆ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿದರು. ಬೀಗದೊಳಗೆ ಒಂದು ಕಟಕ್ ಸದ್ದಾಯಿತು, ಬಾಗಿಲು ತೆರೆಯಿತು. ಅಕ್ಕ ಒಳಗೆ ಬರಲಿಲ್ಲ. ಅವರ ಮುಖದ ಮೇಲೇ ಮತ್ತೆ ಬಾಗಿಲು ಹಾಕಿ ಬೀಗ ತಿರುಗಿಸಿದಳು. ಮತ್ತೆ ತೆರೆದಳು. ಮತ್ತೆ ಹಾಕಿದಳು. ಮೇಲಿನ ಮನೆಯ ಹೆಂಗಸು ಬಗ್ಗಿ ನೋಡಿ, ಬೀಗ ಕೆಟ್ಟಿದೆಯಾ ಎಂದು ವಿಚಾರಿಸಿದಳು. ಇಲ್ಲ, ಚೆನ್ನಾಗಿದೆ ಎಂದಳು ಅಕ್ಕ. ಈ ಸಲದ ‘ಚೆನ್ನಾಗಿದೆ’ ಬೇರೆಯಾಗಿತ್ತು.

ಚಿಕ್ಕು ಭಾವನ ಕಡೆ ನೋಡಿದಳು. ಅವರು ಕ್ಯಾಲೆಂಡರಿನ ಮೇಲೆ ಅಚ್ಚಾದ ಅಕ್ಷರಗಳನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ಓದುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಏಕೆಂದರೆ ಅದರಲ್ಲಿ ಕಣ್ಣಿಗೆ ರಾಚುವ ಒಂದು ತಪ್ಪಿತ್ತು, ಅವರು ಅದನ್ನು ಹಿಡಿದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ, ಕೆಲಸದ ಹೊತ್ತಿನಲ್ಲಿ ಭಾವನ ಫೋನ್ ಮತ್ತೆ ಬಂತು. ಹಿಡಿ ಅದ್ಭುತವಾಗಿದೆ, ಅಕ್ಕ ಈಗ ಯಾವಾಗೆಂದರೆ ಆವಾಗ ಮನೆಗೆ ಬರುತ್ತಾಳೆ, ಅದೇ ಈಗ ಸ್ವಲ್ಪ ಕಷ್ಟವಾಗಿದೆ ಎಂದರು. ಮೊದಲು ಗಂಟೆ ಹೊಡೆದುಕೊಳ್ಳುತ್ತಿದ್ದುದರಿಂದ, ಬಿಸ್ಕತ್ತಿನ ಡಬ್ಬಿ ಒಳಗಿಡಲು, ಮೇಜಿನ ಮೇಲಿಂದ ಕಾಲು ಇಳಿಸಲು ಸಮಯ ಸಿಗುತ್ತಿತ್ತು. ಈಗ ತಲೆಯೆತ್ತಿ ನೋಡುವಷ್ಟರಲ್ಲಿ ಎದುರಿಗೇ ನಿಂತಿರುತ್ತಾಳೆ. ಸಕ್ಕರೆ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದನ್ನು ಅಕ್ಷರಶಃ ಒಪ್ಪಿಸುತ್ತಾಳೆ. ಹಿಡಿಯ ತುದಿಗೆ ಒಂದು ಸಣ್ಣ ತೂತು ಬಿಟ್ಟರೆ ಅದಕ್ಕೊಂದು ಪುಟಾಣಿ ಗಂಟೆ ಕಟ್ಟಬಹುದಲ್ಲವೇ?

ನೀವೇ ಬರೆದು ಕಳಿಸಿ ಭಾವ ಎಂದಳು ಚಿಕ್ಕು.

ಬರೆದು ಕಳಿಸಿದರು. ಚಿಕ್ಕು ಅದನ್ನು ತೆರೆದು, ಕಾರ್ಖಾನೆಯ ಎಲ್ಲ ಕೆಲಸ ಬದಿಗಿಟ್ಟು, ಗೆರೆಯನ್ನು ಹಗ್ಗದಷ್ಟು ದೊಡ್ಡದು ಮಾಡಿ ಸುತ್ತು ಹೊಡೆದಳು. ಸಂದಿರಲಿಲ್ಲ. ಗೆರೆಯ ಮೇಲೆ ಗೆರೆ ಇರಲಿಲ್ಲ. ಅಳತೆ ಒಂದೇ ಸಲ ಬರೆದಿದ್ದರು. ಮೂಲೆಯಾಚೆಗೂ ಹೋಗಿ ಹುಡುಕಿದಳು, ಅಲ್ಲೂ ಏನೂ ಬಿದ್ದಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದ ಮೇಲೆ, ಬೇರೆ ದಾರಿ ಕಾಣದೆ ಪ್ರಿಂಟರಿಗೆ ಕಳಿಸಿದಳು.

ತೂತಿರುವ ಹೊಸ ಹಳದಿ ಹಿಡಿಯನ್ನು ಅಕ್ಕ ಸಂತೋಷದಿಂದಲೇ ತೆಗೆದುಕೊಂಡಳು. ಗಂಟೆ ಕಟ್ಟಲು ಮಾತ್ರ ಒಪ್ಪಲಿಲ್ಲ. ನೀರಿಗಿಳಿಯುವವಳು ಗಂಟೆ ಕಟ್ಟಿಕೊಂಡು ಹೋದರೆ ಮಕ್ಕಳು ನಗುತ್ತಾರೆ ಎಂದಳು. ಬಾಗಿಲ ಪಕ್ಕದ ಒಳಗೋಡೆಗೆ, ಬೆಳಕು ಬೀಳುವ ಜಾಗದಲ್ಲಿ, ಭಾವನ ಕೈಯಿಂದಲೇ ಒಂದು ಮೊಳೆ ಹೊಡೆಸಿದಳು; ಮನೆಗೆ ಬಂದ ಕೂಡಲೇ ಅದನ್ನು ಆ ತೂತಿನಿಂದ ಅಲ್ಲಿ ನೇತುಹಾಕುತ್ತಾಳೆ. ಈಗ ಭಾವ ಹೊರಗಿನಿಂದ ಬಂದು ಬಾಗಿಲು ತೆರೆದಾಗ ಮೊದಲು ನೋಡುವುದು ಆ ಮೊಳೆಯನ್ನು. ಹಳದಿ ಹಿಡಿ ಅಲ್ಲಿದ್ದರೆ, ಕೈಯಲ್ಲಿದ್ದ ಬೇಕರಿಯ ಪೊಟ್ಟಣವನ್ನು ಮೇಲಿನ ಮನೆಯ ಹೆಂಗಸಿಗೆ ಕೊಟ್ಟು ಬರುತ್ತಾರೆ.